ತಿಕೋಟಾದ ಹತ್ತು ಮಿಲಿಮೀಟರ್

ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿಯ ಕತ್ತರಿಕೆ, ಮುಗಿದ ದ್ರಾಕ್ಷಿ ತೋಟ ದೂರದಿಂದ ಒಣಗಿ ಹೋದಂತೆ ಕಾಣುತ್ತದೆ. ತಂತಿಯ ಮೇಲೆ ಬೋಳು ಕಡ್ಡಿ, ಬುಡದಲ್ಲಿ ಕತ್ತರಿಸಿ ಕೆಡವಿದ ಬಳ್ಳಿಯ ರಾಶಿ. ಹತ್ತಿರ ಹೋಗಿ, ಬಗ್ಗಿ, ಕಡ್ಡಿಯ ಕಣ್ಣುಗಳನ್ನು ನೋಡಬೇಕು. ಔಷಧ ಹಚ್ಚಿದ ಕಣ್ಣು ಮೊದಲು ಉಬ್ಬುತ್ತದೆ, ಆಮೇಲೆ ಅದರ ತುದಿಯಲ್ಲಿ ಹತ್ತಿಯಂಥ ತುಪ್ಪಟ, ಆಮೇಲೆ ನಸುಗೆಂಪು ಅಂಚಿನ ಹಸಿರು. ಎರಡು ವಾರ ಕಳೆಯುವಷ್ಟರಲ್ಲಿ ಚಿಗುರು ಅರ್ಧ ಗೇಣು ದಾಟಿರುತ್ತದೆ. ವಿಜಯಪುರದಿಂದ ಪಶ್ಚಿಮಕ್ಕೆ ತಿಕೋಟಾ ಕಡೆ ಹೋಗುವ ರಸ್ತೆಯ ಎರಡೂ ಬದಿ, ಗರಸು ತುಂಬಿದ ಮಡ್ಡಿ ನೆಲದಲ್ಲಿ, ಈ ತಿಂಗಳಲ್ಲಿ ನಡೆಯುವುದೆಲ್ಲ ಇದೇ. ತಂತಿಯ ಮೇಲೆ ಕಾಜಾಣ ಕೂತು ಹುಳಕ್ಕೆ ಎರಗುತ್ತದೆ, ಮತ್ತೆ ಅದೇ ಜಾಗಕ್ಕೆ ಬಂದು ಕೂಡುತ್ತದೆ. ಬೆಳಗಿನ ಇಬ್ಬನಿ ಒಂಬತ್ತು ಗಂಟೆಯಾದರೂ ಎಲೆಯ ಅಂಚು ಬಿಡುವುದಿಲ್ಲ.

ಈ ಹೊತ್ತಿನಲ್ಲೇ ಹಿಂಗಾರಿ ಮಳೆ ಬೀಳುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ಈ ಸೀಮೆಯಲ್ಲಿ ಮಳೆಯನ್ನು ಬೇಡವೆನ್ನುವವರು ಯಾರೂ ಇಲ್ಲ, ಎಳೆ ಚಿಗುರಿನ ದ್ರಾಕ್ಷಿ ಬೆಳೆಗಾರರನ್ನು ಬಿಟ್ಟರೆ. ಕಾರಣ ಬೂಜು ತುಪ್ಪಟ ರೋಗ; ತೋಟದಲ್ಲಿ ಎಲ್ಲರೂ ಕರೆಯುವುದು ಡೌನಿ ಎಂದೇ. ಅಮೆರಿಕದಿಂದ ಹೊರಟು 1878ರ ಸುಮಾರಿಗೆ ಫ್ರಾನ್ಸ್ ತಲುಪಿದ ಈ ರೋಗ ಅಲ್ಲಿನ ತೋಟಗಳನ್ನು ಹಾಳುಮಾಡಿತು. ಅದನ್ನು ತಡೆಯಲು 1885ರಲ್ಲಿ ಬಳಕೆಗೆ ಬಂದ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವೇ ಇಂದು ನಮ್ಮ ತೋಟಗಳಲ್ಲಿ ಸಿಂಪಡಿಸುವ ಬೋರ್ಡೋ ದ್ರಾವಣ. ಎಲೆಯ ಮೇಲುಬದಿಗೆ ಎಣ್ಣೆ ಬಿದ್ದಂಥ ಹಳದಿ ಕಲೆ, ಮಗುಚಿ ನೋಡಿದರೆ ಬಿಳಿ ಬೂಜು. ಕಲೆ ಕಾಣುವ ಹೊತ್ತಿಗೆ ಸೋಂಕು ತಗಲಿ ದಿನಗಳಾಗಿರುತ್ತವೆ. ಹಾಗಾಗಿ ರೋಗವನ್ನು ಕಣ್ಣಿನಿಂದ ಕಾಯಲು ಬರುವುದಿಲ್ಲ, ಲೆಕ್ಕದಿಂದ ಕಾಯಬೇಕು. ಇಟಲಿಯ ತೋಟಗಳಲ್ಲಿ ಹುಟ್ಟಿದ ಹಳೆಯ ನಿಯಮವೊಂದಿದೆ, ಮೂರು ಹತ್ತುಗಳ ನಿಯಮ: ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು, ಚಿಗುರು 10 ಸೆಂಟಿಮೀಟರ್ ಆಗಿರಬೇಕು, ಒಂದೆರಡು ದಿನದೊಳಗೆ 10 ಮಿಲಿಮೀಟರ್ ಮಳೆ ಬಿದ್ದಿರಬೇಕು. ಮೂರೂ ಕೂಡಿದರೆ ಮೊದಲ ಸೋಂಕಿಗೆ ದಾರಿ ತೆರೆದಂತೆ. ತಿಕೋಟಾದ ಅಕ್ಟೋಬರಿನಲ್ಲಿ ಮೊದಲ ಹತ್ತು ಸದಾ ಇರುತ್ತದೆ. ಎರಡನೆಯದನ್ನು ಅಳತೆಪಟ್ಟಿ ಹೇಳುತ್ತದೆ. ಉಳಿದದ್ದು ಮಳೆಯ ಹತ್ತು.

ನಾನು ನೋಡುತ್ತ ಬಂದ ತೋಟದ ಬದುವಿನಲ್ಲಿ ಒಂದು ಮಳೆಮಾಪಕವಿದೆ. ಒಳಗೆ ಚಿಕ್ಕ ತೊಟ್ಟಿ, 0.1 ಮಿಲಿಮೀಟರ್ ಮಳೆಯಷ್ಟು ನೀರು ತುಂಬಿದಾಗ ಮಗುಚಿಕೊಳ್ಳುತ್ತದೆ. ಪ್ರತಿ ಮಗುಚಿಗೂ ಫೈಲಿನಲ್ಲಿ ಒಂದು ಸಾಲು ಬೀಳುತ್ತದೆ: ಗಂಟೆ, ನಿಮಿಷ, 0.1. ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು, ತೋಟದ ಯಜಮಾನರ ತಮ್ಮನ ಮಗಳು, ಆ ಸಾಲುಗಳನ್ನು ಕೂಡಿಸಿ ಮೊತ್ತ 10 ಅಥವಾ ಹೆಚ್ಚಾದರೆ ‘ಎಚ್ಚರಿಕೆ’ ಎಂದು ತೋರಿಸುವ ಪುಟ್ಟ ಪ್ರೋಗ್ರಾಂ ಬರೆದಿದ್ದಳು. ಒಂದು ರಾತ್ರಿಯ ಮಳೆಗೆ ತೊಟ್ಟಿ ಸರಿಯಾಗಿ ನೂರು ಸಲ ಮಗುಚಿತು. ಮನೆಯ ಹಳೆಯ ಕಂಪ್ಯೂಟರ್ ಎಚ್ಚರಿಕೆ ತೋರಿಸಿತು. ಅವಳ ಹೊಸ ಲ್ಯಾಪ್‌ಟಾಪ್ ಸುಮ್ಮನಿತ್ತು.

“ಒಂದ ಮಳಿ, ಒಂದ ಡಬ್ಬಿ,” ಎಂದರು ಯಜಮಾನರು. “ಒಂದು ಔಷಧ ಹೊಡೀರಿ ಅಂತದ, ಇನ್ನೊಂದು ಬ್ಯಾಡ ಅಂತದ. ಯಾವುದರ ಮಾತ ಕೇಳೋದ್ರಿ ಸರ?”

“ದೊಡ್ಡಪ್ಪಾ, ಪ್ರೋಗ್ರಾಂ ಒಂದೇ ಅದ. ಒಂದ ಅಕ್ಷರ ಸೈತ ಬದಲಿಲ್ಲ,” ಎಂದಳು ಹುಡುಗಿ.

ಅವಳು ಹೇಳಿದ್ದು ನಿಜ. ಬದಲಾಗಿದ್ದು ಕಂಪೈಲರ್: ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರದ ಆಜ್ಞೆಗಳಾಗಿ ತಿರುಗಿಸುವ ತಂತ್ರಾಂಶ. ಆ ವಾರ ನಾನು ಎಲೆಗಳ ಜತೆಗೆ ಈ ಅಂಕಿಯನ್ನೂ ಗಮನಿಸತೊಡಗಿದೆ. ಹೊಲದಲ್ಲಿ ಪಾಲಿಸುವ ಕ್ರಮವೇ ಇಲ್ಲಿಯೂ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದು, ಉಳಿದದ್ದನ್ನು ಮುಟ್ಟದಿರುವುದು, ಕಂಡದ್ದನ್ನು ಕಂಡಂತೆ ಬರೆದುಕೊಳ್ಳುವುದು.

ಹೊಸ ಲ್ಯಾಪ್‌ಟಾಪಿನಲ್ಲಿ 64 ಬಿಟ್ಟಿನ ಜಿಸಿಸಿ ಕಂಪೈಲರ್. ಮೊತ್ತ 9.99999999999998. ಹಳೆಯ ಯಂತ್ರದಲ್ಲಿ 32 ಬಿಟ್ಟಿನ ಲಿನಕ್ಸ್, ಅದೇ ಜಿಸಿಸಿಯ ಹಳೆಯ ಆವೃತ್ತಿ, ವೇಗದ ಆಯ್ಕೆ ಹಾಕಿ ಕಂಪೈಲ್ ಮಾಡಿದ್ದು. ಮೊತ್ತ 10. ಮತ್ತೆ ಹೊಸದರಲ್ಲಿ, ಈ ಸಲ ‘ಫಾಸ್ಟ್-ಮ್ಯಾಥ್’ ಎಂಬ ಆಯ್ಕೆ ಕೊಟ್ಟು, ನೂರು ಸಾಲುಗಳನ್ನು ನಾಲ್ಕು ಪಾಲಾಗಿ ಹಂಚಿ ಒಟ್ಟಿಗೆ ಕೂಡಿಸುವಂತೆ ಮಾಡಿದಾಗ 10.000000000000004. ಅಂಕಿಗಳನ್ನು 32 ಬಿಟ್ಟಿನ ಚಿಕ್ಕ ಅಳತೆಯಲ್ಲಿ ಇಟ್ಟು ಕೂಡಿಸಿದರೆ 10.000002. ಮಳೆ ಒಂದೇ, ಮೊತ್ತ ನಾಲ್ಕು.

ಬುಡದ ಕಾರಣ 0.1ರಲ್ಲೇ ಇದೆ. ಹತ್ತರ ಪದ್ಧತಿಯಲ್ಲಿ ಮೂರನೇ ಒಂದು ಭಾಗವನ್ನು 0.333 ಎಂದು ಎಷ್ಟು ಬರೆದರೂ ಮುಗಿಯುವುದಿಲ್ಲ. ಎರಡರ ಪದ್ಧತಿಯಲ್ಲಿ ಹತ್ತನೇ ಒಂದು ಭಾಗದ ಗತಿಯೂ ಅದೇ. ಯಂತ್ರ ಅದನ್ನು 53 ಬಿಟ್ಟುಗಳಿಗೆ, ಅಂದರೆ ಎರಡರ ಪದ್ಧತಿಯ 53 ಅಂಕಿಗಳಿಗೆ, ಕತ್ತರಿಸಿ ಇಟ್ಟುಕೊಳ್ಳುತ್ತದೆ. ಆಗ ಒಳಗೆ ಇರುವುದು 0.1 ಆಗಿರದೆ ಸುಮಾರು 0.1000000000000000055 ಆಗಿರುತ್ತದೆ. ಮೂಲದಲ್ಲಿ ತುಸು ಹೆಚ್ಚು, ಆದರೂ ನೂರು ಸಲ ಕೂಡಿಸಿದ ಮೇಲೆ ಹತ್ತಕ್ಕಿಂತ ಕಡಿಮೆ. ಕಾರಣ, ಪ್ರತಿ ಕೂಡಿಕೆಯ ಬಳಿಕವೂ ಮೊತ್ತ ಮತ್ತೆ 53 ಬಿಟ್ಟಿಗೆ ಮೊಟಕಾಗುತ್ತದೆ. ಮೊತ್ತ ದೊಡ್ಡದಾದಷ್ಟೂ ಹೊಸದಾಗಿ ಬಂದ 0.1ರ ಬಾಲದ ಅಂಕಿಗಳು ಹೆಚ್ಚೆಚ್ಚು ಉದುರುತ್ತವೆ.

ಹಳೆಯ ಯಂತ್ರದ ನಡವಳಿಕೆಗೆ ಚರಿತ್ರೆಯಿದೆ. 1980ರಲ್ಲಿ ಬಂದ ಇಂಟೆಲ್ 8087 ಎಂಬ ಗಣಿತದ ಚಿಪ್ ತನ್ನ ಒಳಗೆ 80 ಬಿಟ್ಟುಗಳ ಅಂಕಿ ಇಟ್ಟುಕೊಳ್ಳುತ್ತಿತ್ತು. ವಿಲಿಯಂ ಕಹಾನ್ ಎಂಬ ಗಣಿತಜ್ಞರ ಆಲೋಚನೆ ಅದರ ಹಿಂದಿತ್ತು. ಯಂತ್ರಗಳು ಇಂಥ ಅಂಕಿಗಳ ಲೆಕ್ಕ ಹೇಗೆ ಮಾಡಬೇಕೆಂದು ಹೇಳುವ 1985ರ ಐಇಇಇ 754 ಮಾನದಂಡಕ್ಕೂ ಅವರೇ ಮುಖ್ಯ ಶಿಲ್ಪಿ, 1989ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಹಳೆಯ ಯಂತ್ರಕ್ಕೂ ಬಳುವಳಿಯಾಗಿ ಬಂದ ಆ 80 ಬಿಟ್ಟಿನ ಕೋಣೆಯಲ್ಲಿ ನಮ್ಮ ನೂರು ಕೂಡಿಕೆಗಳಿಗೆ ಬೇಕಾದಷ್ಟು ಜಾಗವಿದೆ, ಒಂದು ಬಿಟ್ಟೂ ಉದುರುವುದಿಲ್ಲ. ಹಾಗಾಗಿ ಅದು ಹತ್ತು ಮುಟ್ಟುತ್ತದೆ. ಆದರೆ ಅದೇ ಹಳೆಯ ಯಂತ್ರದಲ್ಲಿ ವೇಗದ ಆಯ್ಕೆ ತೆಗೆದು ಕಂಪೈಲ್ ಮಾಡಿದರೆ, ಪ್ರತಿ ಕೂಡಿಕೆಯ ನಂತರ ಮೊತ್ತ ಒಳಕೋಣೆಯಿಂದ ಹೊರಗಿನ ಮೆಮೊರಿಗೆ ಬಂದು ಹೋಗುತ್ತದೆ, ಬರುವಾಗ 53 ಬಿಟ್ಟಿಗೆ ತುಂಡಾಗುತ್ತದೆ, ಉತ್ತರ 9.99999999999998ಕ್ಕೆ ಇಳಿಯುತ್ತದೆ. ಮೊತ್ತ ಎಲ್ಲಿ ತಪ್ಪುತ್ತಿದೆ ಎಂದು ನೋಡಲು ನಡುವೆ ಒಂದು ಮುದ್ರಣದ ಸಾಲು ಸೇರಿಸಿದರೂ ಸಾಕು, ಕಂಪೈಲರ್ ಅಂಕಿಯನ್ನು ಹೊರಗೆ ತರಬೇಕಾಗಿ ಬಂದು ಉತ್ತರ ಬದಲಾಗಬಹುದು. ಟಿಟ್ಟಿಭದ ಮೊಟ್ಟೆ ನೋಡಲು ಹೋದವರಿಗೆ ಇದು ಗೊತ್ತಿರುವ ಅನುಭವ: ಹತ್ತಿರ ಹೋದೊಡನೆ ಹಕ್ಕಿಯ ನಡತೆಯೇ ಬೇರೆ. ಜಿಸಿಸಿ ಬಳಕೆದಾರರ ದೂರುಗಳ ಪಟ್ಟಿಯಲ್ಲಿ 323ನೆಯದು ಈ ಕುರಿತಾದದ್ದೇ. 2000ದಲ್ಲಿ ದಾಖಲಾದ ಅದಕ್ಕೆ ವರ್ಷಗಟ್ಟಲೆ ಒಬ್ಬರ ಮೇಲೊಬ್ಬರು ತಮ್ಮ ದೂರು ಜೋಡಿಸುತ್ತಲೇ ಹೋದರು.

ಫಾಸ್ಟ್-ಮ್ಯಾಥ್‌ನ ಸಂಗತಿ ಬೇರೆ. ಅಲ್ಲಿ ಬಿಟ್ಟುಗಳು ಅಷ್ಟೇ, ಕೂಡಿಸುವ ಕ್ರಮ ಬದಲು. ಶಾಲೆಯಲ್ಲಿ ಕಲಿತ ನಿಯಮದಂತೆ ಮೂರು ಅಂಕಿಗಳಲ್ಲಿ ಯಾವ ಎರಡನ್ನು ಮೊದಲು ಕೂಡಿಸಿದರೂ ಮೊತ್ತ ಒಂದೇ. ಯಂತ್ರದಲ್ಲಿ ಹಾಗಿಲ್ಲ: 0.1 ಮತ್ತು 0.2 ಮೊದಲು ಕೂಡಿಸಿ ಆಮೇಲೆ 0.3 ಸೇರಿಸಿದರೆ 0.6000000000000001, 0.2 ಮತ್ತು 0.3 ಮೊದಲು ಕೂಡಿಸಿ 0.1 ಸೇರಿಸಿದರೆ 0.6. ತಿಕೋಟಾದ ಒಣದ್ರಾಕ್ಷಿ ಶೆಡ್ಡಿನ ದೊಡ್ಡ ತಕ್ಕಡಿಯ ಮೇಲೆ ಚೀಲವಿರುವಾಗ ನಾಲ್ಕು ಹಣ್ಣು ಹಾಕಿದರೆ ಮುಳ್ಳು ಅಲುಗುವುದಿಲ್ಲ. ಅಂಥ ನಾಲ್ಕು ನಾಲ್ಕನ್ನೇ ಮೊದಲು ಬುಟ್ಟಿಯಲ್ಲಿ ಒಟ್ಟುಮಾಡಿ ಬುಟ್ಟಿ ಇಟ್ಟರೆ ಅಲುಗುತ್ತದೆ. ನಾಲ್ಕು ಪಾಲು ಮಾಡಿ ಕೂಡಿಸುವಾಗ ಆಗುವುದು ಇಷ್ಟೇ. ಜಿಸಿಸಿ ತಾನಾಗಿ ಕ್ರಮ ಬದಲಿಸುವುದಿಲ್ಲ, ಬಳಕೆದಾರ ಕೇಳಬೇಕು. ಇಂಟೆಲ್ ಕಂಪೈಲರ್ ಮಾತ್ರ, ಬೇಡವೆಂದು ಹೇಳದಿದ್ದರೆ, ವೇಗಕ್ಕಾಗಿ ಇಂಥ ಸ್ವಾತಂತ್ರ್ಯವನ್ನು ಮೊದಲೇ ತೆಗೆದುಕೊಂಡಿರುತ್ತದೆ. ಐಇಇಇ ಮಾನದಂಡ ಒಂದೊಂದು ಕೂಡಿಕೆ, ಗುಣಾಕಾರ, ಭಾಗಾಕಾರ, ವರ್ಗಮೂಲ ಹೇಗೆ ಮೊಟಕಾಗಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದೆ. ಅವುಗಳನ್ನು ಯಾವ ಕ್ರಮದಲ್ಲಿ ಪೋಣಿಸಬೇಕು, ನಡುವಿನ ಮೊತ್ತವನ್ನು ಎಲ್ಲಿಡಬೇಕು ಎನ್ನುವುದು ಭಾಷೆ ಮತ್ತು ಕಂಪೈಲರುಗಳ ಕೈಯಲ್ಲಿ ಉಳಿದಿದೆ.

ಇಂಥದೇ ಇನ್ನೊಂದು ವ್ಯತ್ಯಾಸ ಕಂಡದ್ದು ಬಬಲೇಶ್ವರದ ಕಡೆ. ವಿಜಯಪುರದಿಂದ ನೈಋತ್ಯಕ್ಕೆ ಸಾರವಾಡದ ಹತ್ತಿರ ಡೋಣಿ ಹೊಳೆ ದಾಟಿ ಬಬಲೇಶ್ವರಕ್ಕೆ ಹೋದರೆ ನೆಲದ ಬಣ್ಣವೇ ಬದಲಾಗುತ್ತದೆ. ಮಡ್ಡಿ ಹೋಗಿ ಎರಿ ಬರುತ್ತದೆ. ಡೋಣಿಯ ನೀರು ಸವಳು, ಬಾಯಿಗಿಡಲು ಬರುವುದಿಲ್ಲ. ಆದರೆ ಅದರ ದಂಡೆಯ ಕರಿ ಮಣ್ಣಿನ ಜೋಳಕ್ಕೆ ಸಾಟಿ ಇಲ್ಲ. ನವೆಂಬರಿನ ಹೊತ್ತಿಗೆ ಬಿಳಿಜೋಳ ಮೊಣಕಾಲೆತ್ತರ, ಎರಿ ಬಿರುಕು ಬಿಡತೊಡಗಿದೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಮೇಲೆ ಬಂದ ಮೇಲೆ ಮಳೆಯನ್ನಷ್ಟೇ ನಂಬಿದ್ದ ನೆಲದ ಬದುಕು ಬೇರೆಯಾಗಿದೆ. ಅಲ್ಲೊಂದು ಹೊಲದಲ್ಲಿ ತುಂತುರು ನೀರಾವರಿಯ ತಲೆ ಸುತ್ತುತ್ತಿತ್ತು, ಅದರ ಹಿಂದೆ ಬೆಳ್ಳಕ್ಕಿಗಳು ಹುಳ ಹೆಕ್ಕುತ್ತಿದ್ದವು. ತೇವದ ವೃತ್ತ ಎಲ್ಲಿಯವರೆಗೆ ತಲುಪುತ್ತದೆ ಎಂಬುದಕ್ಕೆ ಹುಡುಗಿ ಇನ್ನೊಂದು ಪ್ರೋಗ್ರಾಂ ಬರೆದಿದ್ದಳು: ತ್ರಿಜ್ಯದ ವರ್ಗದಲ್ಲಿ ದೂರದ ವರ್ಗ ಕಳೆದು ವರ್ಗಮೂಲ ತೆಗೆಯುವುದು. ವೃತ್ತದ ಅಂಚಿನಲ್ಲಿ ದೂರವೂ ತ್ರಿಜ್ಯವೂ ಒಂದೇ, ಉತ್ತರ ಸೊನ್ನೆ ಬರಬೇಕು. ಲ್ಯಾಪ್‌ಟಾಪ್ ಸೊನ್ನೆ ಎಂದಿತು. ಮೊಬೈಲಿನಲ್ಲಿ ಕಂಪೈಲ್ ಮಾಡಿದಾಗ ಕೆಲವು ತ್ರಿಜ್ಯಗಳಿಗೆ ‘ಸಂಖ್ಯೆಯಲ್ಲ’ ಎಂಬ ಉತ್ತರ.

ಇದನ್ನು ನಿಧಾನವಾಗಿ ನೋಡುವುದು ಒಳ್ಳೆಯದು, ಯಾಕೆಂದರೆ ಇಲ್ಲಿ ಮೋಸ ಮಾಡಿದ್ದು ಹೆಚ್ಚಿನ ನಿಖರತೆಯೇ. ಮೊಬೈಲಿನ ಆರ್ಮ್ ಪ್ರೊಸೆಸರಿನಲ್ಲಿ ಗುಣಿಸಿ ಕೂಡಿಸುವ ಕೆಲಸವನ್ನು ಒಂದೇ ಹೊಡೆತಕ್ಕೆ ಮಾಡುವ ಆಜ್ಞೆಯಿದೆ, ನಡುವೆ ಮೊಟಕು ಮಾಡುವುದಿಲ್ಲ. ಕಂಪೈಲರ್ ಅದನ್ನು ಬಳಸಿಕೊಂಡಾಗ ಒಂದು ವರ್ಗ ಪೂರ್ಣ ನಿಖರವಾಗಿ ಬರುತ್ತದೆ, ಇನ್ನೊಂದು ಮೊಟಕಾಗಿ ಬರುತ್ತದೆ. ಕಳೆದಾಗ ಉಳಿಯುವುದು ಮೊಟಕಾದ ಚೂರು. ಆ ಚೂರು ಋಣವಾಗಿದ್ದರೆ ಅದಕ್ಕೆ ವರ್ಗಮೂಲವಿಲ್ಲ. ಎರಡೂ ಬದಿ ಒಂದೇ ರೀತಿ ಮೊಟಕಾಗಿದ್ದಾಗ ಸೊನ್ನೆ ಸಿಗುತ್ತಿತ್ತು; ಒಂದು ಬದಿ ಉತ್ತಮವಾದ ಕೂಡಲೇ ಸಮತೋಲ ಹೋಯಿತು. ಲ್ಯಾಪ್‌ಟಾಪಿನಲ್ಲೂ ಈ ಆಜ್ಞೆ ಇದೆ, ಆದರೆ ಹಳೆಯ ಪ್ರೊಸೆಸರುಗಳಲ್ಲೂ ಓಡಬೇಕೆಂದು ಕಂಪೈಲರ್ ಅದನ್ನು ಕೇಳದೆ ಬಳಸುವುದಿಲ್ಲ. ಗುಣಿಸುವ ಮುನ್ನವೇ ಕಳೆದು, ಮೊತ್ತ ಮತ್ತು ವ್ಯತ್ಯಾಸಗಳನ್ನು ಗುಣಿಸುವಂತೆ ಸೂತ್ರ ತಿರುಗಿಸಿ ಬರೆದ ಮೇಲೆ ಎರಡೂ ಕಡೆ ಸೊನ್ನೆ ಬಂತು. ಕಂಪೈಲರನ್ನು ಬೈಯುವ ಮೊದಲು ಸೂತ್ರವನ್ನು ನೋಡಬೇಕೆಂಬುದು ನನ್ನ ಅನುಭವ.

ಲೀಲಾವತಿ ಬರೆದ ಭಾಸ್ಕರಾಚಾರ್ಯರು ವಿಜಯಪುರದವರು ಎಂದು ಈ ಊರು ನಂಬಿಕೊಂಡು ಬಂದಿದೆ. ಸಹ್ಯಾದ್ರಿಯ ಸೀಮೆಯ ವಿಜ್ಜಡವಿಡ ತಮ್ಮ ಊರು ಎಂದು ಅವರು ಹೇಳಿಕೊಂಡಿದ್ದಾರೆ. ಅದು ವಿಜಯಪುರ ಎನ್ನುವ ವಿದ್ವಾಂಸರಿದ್ದಾರೆ, ಖಾನದೇಶದ ಪಾಟಣದ ಕಡೆ ಬೆರಳು ತೋರಿಸುವವರೂ ಇದ್ದಾರೆ. ನನಗೆ ಮುಖ್ಯವೆನಿಸುವುದು 1150ರ ಆ ಗ್ರಂಥದಲ್ಲಿ ವೃತ್ತದ ಪರಿಧಿಗೆ ಅವರು ಕೊಟ್ಟ ಎರಡು ದಾರಿಗಳು. ವ್ಯಾಸವನ್ನು 3927ರಿಂದ ಗುಣಿಸಿ 1250ರಿಂದ ಭಾಗಿಸಿದರೆ ಅದು ಸೂಕ್ಷ್ಮ. 22ರಿಂದ ಗುಣಿಸಿ 7ರಿಂದ ಭಾಗಿಸಿದರೆ ಅದು ಸ್ಥೂಲ, ವ್ಯವಹಾರಕ್ಕೆ ಸಾಕು. ಗೋಳಗುಮ್ಮಟದ ಗುಮ್ಮಟಕ್ಕೆ ಹೊರಗಿನ ವ್ಯಾಸ ಸುಮಾರು 44 ಮೀಟರ್ ಎಂದು ಹಿಡಿದರೆ ಒಂದು ದಾರಿಯಲ್ಲಿ ಪರಿಧಿ 138.23 ಮೀಟರ್, ಇನ್ನೊಂದರಲ್ಲಿ 138.29. ಐದೂವರೆ ಸೆಂಟಿಮೀಟರ್ ಅಂತರ. ಎರಡರಲ್ಲಿ ಯಾವುದೂ ಸುಳ್ಳಲ್ಲ, ಯಾಕೆಂದರೆ ಪ್ರತಿಯೊಂದಕ್ಕೂ ಅದು ಎಷ್ಟು ನಯ, ಎಷ್ಟು ಒರಟು ಎಂಬ ಹೆಸರು ಅಂಟಿಸಿಯೇ ಕೊಟ್ಟಿದ್ದಾರೆ. ನಮ್ಮ ಪ್ರೋಗ್ರಾಮುಗಳು 9.99999999999998 ಎಂದು ಹದಿನೈದು ಅಂಕಿ ಹೊರಗೆ ಹಾಕುತ್ತವೆ, ಅವುಗಳಲ್ಲಿ ಎಷ್ಟು ಅಂಕಿ ಮಳೆಯಿಂದ ಬಂದದ್ದು, ಎಷ್ಟು ಯಂತ್ರದಿಂದ ಬಂದದ್ದು ಎಂದು ಹೇಳುವುದಿಲ್ಲ. ಎರಡು ಕಂಪೈಲರುಗಳ ಉತ್ತರವನ್ನು ಪಕ್ಕಪಕ್ಕ ಇಟ್ಟಾಗ ಆ ಗಡಿ ಕಣ್ಣಿಗೆ ಬೀಳುತ್ತದೆ. ಎರಡೂ ಒಪ್ಪುವ ಅಂಕಿಗಳ ಆಚೆ ಯಾವುದನ್ನೂ ನಂಬುವಂತಿಲ್ಲ. ಈಚಿನದನ್ನು ನಂಬಬೇಕೋ ಬೇಡವೋ ಎಂಬುದನ್ನು ಮಾಪಕ ಹೇಳಬೇಕು.

ಆಕಾಶದ ಲೆಕ್ಕದಲ್ಲಿ ಈ ಕೊನೆಯ ಅಂಕಿ ಚಿಕ್ಕದಾಗಿ ಉಳಿಯುವುದಿಲ್ಲ. 1961ರಲ್ಲಿ ಎಡ್ವರ್ಡ್ ಲೊರೆಂಜ್ ಹವಾಮಾನದ ಲೆಕ್ಕವೊಂದನ್ನು ನಡುವಿನಿಂದ ಮತ್ತೆ ಓಡಿಸಿದರು. ಯಂತ್ರದೊಳಗೆ ಇದ್ದದ್ದು 0.506127, ಕಾಗದದಲ್ಲಿ ಮುದ್ರಣವಾಗಿದ್ದು 0.506, ಅವರು ಕೊಟ್ಟದ್ದು ಕಾಗದದ್ದು. ಮೊದಲು ಎರಡೂ ಓಟ ಒಂದೇ ಹಾದಿ ಹಿಡಿದವು, ಆಮೇಲೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಉಳಿಯಲಿಲ್ಲ. ಕಂಪೈಲರ್ ಬದಲಿಸುವುದು ಇದಕ್ಕಿಂತಲೂ ಚಿಕ್ಕ ತಳ್ಳು. ಆದರೆ ವಾತಾವರಣದ ಲೆಕ್ಕಕ್ಕೆ ತಳ್ಳು ಎಷ್ಟು ಚಿಕ್ಕದಾದರೂ ಸಾಕು, ಬೇಕಾಗುವುದು ಸಮಯ ಮಾತ್ರ. ಅಮೆರಿಕದ ಎನ್‌ಕಾರ್ ಸಂಸ್ಥೆಯ ಹವಾಮಾನ ಮಾದರಿಯವರು 2015ರಲ್ಲಿ ಪ್ರಕಟಿಸಿದ ಪರೀಕ್ಷೆ ಈ ದಾರಿಯಲ್ಲೇ ನಡೆಯಿತು. ಹೊಸ ಕಂಪೈಲರ್ ಹಳೆಯದರಂತೆ ಪ್ರತಿ ಬಿಟ್ಟನ್ನೂ ಕೊಡಲಿ ಎಂದು ಅವರು ಕೇಳಲಿಲ್ಲ. ಆರಂಭದ ಉಷ್ಣತೆಯನ್ನು ದಶಮಾಂಶದ ಹದಿನಾಲ್ಕನೇ ಸ್ಥಾನದಲ್ಲಿ ಅಲುಗಿಸಿ 151 ಓಟಗಳನ್ನು ಮಾಡಿದರು. ಹೊಸ ಕಂಪೈಲರಿನ ಫಲಿತ ಆ ಹಿಂಡಿನೊಳಗೆ ಸೇರುತ್ತದೆಯೇ, ಹೊರಗೆ ನಿಲ್ಲುತ್ತದೆಯೇ ಎಂದು ನೋಡಿದರು. ಒಂದು ಹಕ್ಕಿಯನ್ನು ಅದರ ಗರಿಯೊಂದರಿಂದ ಅಳೆಯದೆ ಹಿಂಡಿನ ನಡುವೆ ಇಟ್ಟು ಗುರುತಿಸುವ ಈ ರೀತಿ ನನಗೆ ಬಹಳ ಸರಿಯೆನಿಸುತ್ತದೆ. ನಮ್ಮ ದೇಶದಲ್ಲೂ 2018ರಿಂದ 12 ಕಿಲೋಮೀಟರ್ ಚೌಕದ ಮುನ್ಸೂಚನೆಗೆ ಒಂದರ ಬದಲು 21 ಓಟಗಳ ಗುಂಪನ್ನು ಬಳಸುವ ಪದ್ಧತಿ ಬಂದಿದೆ. ‘ಮಳೆಯ ಸಾಧ್ಯತೆ’ ಎಂದು ತಿಕೋಟಾದ ಮೊಬೈಲುಗಳಿಗೆ ಬರುವ ಮಾತಿನ ಹಿಂದೆ ಇಂಥ ಹಿಂಡುಗಳಿವೆ.

ತೋಟದ ಹತ್ತು ಮಿಲಿಮೀಟರಿಗೆ ಬರೋಣ. 9.99999999999998ಕ್ಕೂ 10ಕ್ಕೂ ಇರುವ ಅಂತರವನ್ನು ನೀರಿನ ದಪ್ಪವಾಗಿ ಹಿಡಿದರೆ ಅದು ಒಂದು ಪ್ರೋಟಾನಿನ ಅಗಲಕ್ಕಿಂತಲೂ ಹಲವು ಹತ್ತು ಪಟ್ಟು ಕಡಿಮೆ. ಮಗುಚುವ ತೊಟ್ಟಿಯಾದರೋ ಜೋರು ಮಳೆಯಲ್ಲಿ ಮಗುಚುವ ಕ್ಷಣದ ನೀರನ್ನು ಕಳೆದುಕೊಂಡು ಶೇಕಡಾ ಕೆಲವು ಪಾಲು ಕಡಿಮೆಯೇ ತೋರಿಸುತ್ತದೆ. ಗಾಳಿ ಬೀಸಿದರೆ ಇನ್ನಷ್ಟು ಕಡಿಮೆ. ಬಿದ್ದ ಎಲೆಗಳಲ್ಲಿ ಕಾದು ಕೂತ ಬೀಜಾಣುಗಳಿಗೆ ಹತ್ತು ಎಂಬ ಗೆರೆ ಇಲ್ಲ. ಒಂಬತ್ತರಲ್ಲೂ ಅವು ಎದ್ದಾವು, ಎಲೆ ಬೇಗ ಒಣಗಿದರೆ ಹನ್ನೆರಡರಲ್ಲೂ ಸುಮ್ಮನಿದ್ದಾವು. ಎಷ್ಟು ಹೊತ್ತು ಎಲೆ ಒದ್ದೆಯಾಗಿತ್ತು ಎನ್ನುವುದು ಹೆಚ್ಚು ಹೇಳುತ್ತದೆ. ಎರಡು ಯಂತ್ರ ಜಗಳಕ್ಕೆ ಬಿದ್ದದ್ದು ಮಳೆಯ ಮೇಲಲ್ಲ, ಪ್ರೋಗ್ರಾಮಿನಲ್ಲಿ ಎಳೆದ ಕತ್ತಿಯಂಥ ಗೆರೆಯ ಮೇಲೆ.

ಹುಡುಗಿ ಎರಡು ಬದಲಾವಣೆ ಮಾಡಿದಳು. ಫೈಲಿನಲ್ಲಿ ಈಗ 0.1 ಬೀಳುವುದಿಲ್ಲ, ಮಗುಚಿಗೆ 1 ಬೀಳುತ್ತದೆ. ಪೂರ್ಣಾಂಕಗಳ ಈ ಮೊತ್ತ ಯಾವ ಕಂಪೈಲರಿನಲ್ಲೂ, ಯಾವ ಕ್ರಮದಲ್ಲೂ 100 ಎಂದರೆ 100. ಎಚ್ಚರಿಕೆಯನ್ನು ಒಂದು ಗೆರೆಯಿಂದ ತೆಗೆದು 80 ಮಗುಚಿನಿಂದಲೇ ‘ತೋಟಕ್ಕೆ ಹೋಗಿ ಎಲೆ ನೋಡಿ’ ಎಂದು ಶುರುಮಾಡಿದ್ದಾಳೆ. ಯಜಮಾನರು ಆ ಮಳೆಯ ಮರುಬೆಳಿಗ್ಗೆ ಯಾವ ಯಂತ್ರದ ಮಾತಿಗೂ ಕಾಯದೆ ಚಿಗುರು ಮುಟ್ಟಿ ನೋಡಿ, ಹಸಿ ಆರಿಲ್ಲವೆಂದು ಔಷಧ ಹೊಡೆಸಿದ್ದರು.

ಫಾಸ್ಟ್-ಮ್ಯಾಥ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಆಟಕ್ಕೆ, ಚಿತ್ರಕ್ಕೆ, ಧ್ವನಿಗೆ ಅದು ಇರಲಿ. ಮಳೆ, ಬಿಸಿಲು, ನೀರಿನ ಮಟ್ಟ, ಔಷಧದ ಪ್ರಮಾಣ ಇವುಗಳ ಲೆಕ್ಕ ಇಡುವ ಪ್ರೋಗ್ರಾಮಿನಲ್ಲಿ ಅದು ಇರಬಾರದು. ಉಳಿಸುವ ಸಮಯ ಕಣ್ಣಿಗೆ ಕಾಣದಷ್ಟು, ಕಳೆಯುವುದು ಹತ್ತು ವರ್ಷದ ನಂತರ ಇನ್ನೊಬ್ಬರು ಅದೇ ಲೆಕ್ಕ ಮಾಡಿ ಅದೇ ಉತ್ತರ ಪಡೆಯುವ ಭರವಸೆ. ಇದೇ ವಿಜಯಪುರದಲ್ಲಿ 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಯಿತು. ಮಳೆಯನ್ನೇ ನಂಬಿದ ಬೇಸಾಯದ ಯಾವ ಸಂಶೋಧನೆಗೂ ತಳಹದಿ ಹಿಂದಿನವರು ಬರೆದಿಟ್ಟ ಮಳೆಯ ಲೆಕ್ಕವೇ.

ನಿಮ್ಮ ಹೊಲದಲ್ಲಿ ಮಾಪಕವಿದ್ದು ಮನೆಯ ಮಕ್ಕಳು ಅದಕ್ಕೆ ಪ್ರೋಗ್ರಾಂ ಬರೆಯುತ್ತಿದ್ದರೆ ಒಂದು ಕೇಳಿಕೆ. ಮೂಲ ಎಣಿಕೆಯನ್ನು ಪೂರ್ಣಾಂಕದಲ್ಲೇ ಉಳಿಸಲು ಹೇಳಿ. ತಾರೀಖು, ಊರು, ಮಾಪಕದ ಹೆಸರು ಬರೆಯುವ ಪುಟದಲ್ಲೇ ಕಂಪೈಲರಿನ ಹೆಸರು, ಅದರ ಆವೃತ್ತಿ, ಕೊಟ್ಟ ಆಯ್ಕೆಗಳು ಮತ್ತು ಪ್ರೊಸೆಸರ್ ಯಾವುದೆಂಬುದನ್ನೂ ಬರೆದಿಡಲು ಹೇಳಿ. ಲೆಕ್ಕವನ್ನು ನಂಬುವ ಮೊದಲು ಎರಡನೆಯ ಕಂಪೈಲರಿನಲ್ಲಿ ಒಮ್ಮೆ ಓಡಿಸಿ ನೋಡಿ. ಜಿಸಿಸಿ, ಕ್ಲ್ಯಾಂಗ್ ಎರಡೂ ಕಂಪೈಲರುಗಳು ಹಣ ಕೊಡದೆ ಸಿಗುತ್ತವೆ.